ಸೂರಿನ ನೀರು

ನಮ್ಮ ಮನೆಗೆ ಏಸಿ ಬಂದದ್ದು 2022ರ ಮಾರ್ಚ್ ತಿಂಗಳಲ್ಲಿ. ನಾನು ಬೇಡವೆಂದೇ ಹೇಳಿದ್ದೆ. ಕಾರವಾರದಲ್ಲಿ ಹುಟ್ಟಿ ಬೆಳೆದವನಲ್ಲದಿದ್ದರೂ, ಅಂಕೋಲೆಯಿಂದ ನೌಕರಿಗೆಂದು ಬಂದು ನಲವತ್ತು ವರ್ಷ ಈ ಊರಿನ ಉಪ್ಪುಗಾಳಿ ಕುಡಿದವನು ನಾನು. ಕಡಲ ಗಾಳಿ ಇರುವಲ್ಲಿ ಏಸಿ ಏಕೆ ಎಂದು ಮಗನ ಮುಂದೆ ಸಣ್ಣದೊಂದು ಭಾಷಣವನ್ನೇ ಮಾಡಿದ್ದೆ. ಮಗ ಭಾಷಣವನ್ನು ಪೂರ್ತಿ ಕೇಳಿ, ಮರುವಾರ ಏಸಿಯನ್ನು ಕಳಿಸಿಕೊಟ್ಟ. ಅವನ ತಾಯಿಗೆ ಉಬ್ಬಸ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ, ಗಾಳಿಯೇ ಆಡದೆ ಮೈಗೆ ಮೈ ಅಂಟಿಕೊಳ್ಳುವ ಆ ಸೆಕೆಯಲ್ಲಿ, ಆಕೆ ಹಾಸಿಗೆಯ ಮೇಲೆ ಕುಳಿತೇ ಬೆಳಗು ಮಾಡುತ್ತಿದ್ದಳು. ಏಸಿ ಬಂದ ಮೊದಲ ರಾತ್ರಿ ಆಕೆ ಮಲಗಿ ನಿದ್ದೆ ಮಾಡಿದಳು. ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಹೇಳಹೊರಟಿರುವುದು ಏಸಿ ಕೆಟ್ಟದ್ದು, ಹಿಂದಿನ ಕಾಲ ಒಳ್ಳೆಯದು ಎಂಬ ಮಾತಲ್ಲ. ಅಂಥ ಮಾತುಗಳನ್ನು ತಂಪಾದ ಕೋಣೆಯಲ್ಲಿ ಕುಳಿತು ಬರೆಯುವುದು ಸುಲಭ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಆ ಏಸಿಯಿಂದ ತೊಟ್ಟಿಕ್ಕುವ ನೀರು ಯಾರದು ಎಂಬುದಷ್ಟೇ.

ಎರಡು ಬೇಸಿಗೆ ಸುಸೂತ್ರವಾಗಿ ಕಳೆದವು. 2024ರ ಮೇ ತಿಂಗಳ ಒಂದು ನಡುರಾತ್ರಿ, ಕೋಣೆಯೊಳಗೆ ಏನೋ ಟಪ್ ಎಂದ ಸದ್ದಿಗೆ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಏಸಿಯ ಕೆಳಗಿನ ಗೋಡೆಯುದ್ದಕ್ಕೂ ನೀರಿಳಿದು, ಕಪಾಟಿನ ಮೇಲೆ ಕಟ್ಟಿಟ್ಟಿದ್ದ ಹಳೆಯ ಮಾಸಪತ್ರಿಕೆಗಳು ನೆನೆದು ಊದಿಕೊಂಡಿದ್ದವು. ನನಗೆ ಬಂದ ಸಿಟ್ಟನ್ನು ಕೇಳಬೇಡಿ. ನನ್ನ ಮನೆಯೊಳಗೆ, ನನ್ನ ಗೋಡೆಯ ಮೇಲೆ, ನನ್ನ ಪುಸ್ತಕಗಳ ಮೇಲೆ ನೀರು! ಬೆಳಗಾಗುವುದನ್ನೇ ಕಾದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಬಂದವನು ಇಪ್ಪತ್ತೈದರ ಹುಡುಗ, ಮಿತಭಾಷಿ. "ಸರ್, ಏಸಿ ಒಳಗೆ ನೀರು ಸೋರ್ತದೆ ಅಂದ್ರೆ ನಾಲ್ಕೈದೇ ಕಾರಣ. ಒಂದೊಂದಾಗಿ ನೋಡುವಾ" ಎಂದ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಅವನ ಕ್ರಮ ಹಿಡಿಸಿತು. ಮೊದಲು ಸ್ವಿಚ್ ಆರಿಸಿದ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ. ಅದರಲ್ಲಿ ಧೂಳು ಕಟ್ಟಿದರೆ ಒಳಗಿನ ಕಾಯಿಲ್‌ಗೆ ಗಾಳಿ ಸಾಲದೆ ಅದರ ಮೇಲೆ ಮಂಜುಗಡ್ಡೆ ಹಿಡಿಯುತ್ತದೆ, ಏಸಿ ನಿಂತಾಗ ಆ ಗಡ್ಡೆ ಒಮ್ಮೆಲೇ ಕರಗಿ ಟ್ರೇ ತುಂಬಿ ಹೊರಚೆಲ್ಲುತ್ತದೆ. ಗ್ಯಾಸು ಕಡಿಮೆಯಾದರೂ ಹೀಗೆಯೇ ಗಡ್ಡೆ ಕಟ್ಟುತ್ತದಂತೆ. ನಮ್ಮ ಫಿಲ್ಟರ್ ಸ್ವಚ್ಛವಾಗಿತ್ತು, ಕಾಯಿಲ್ ಮೇಲೆ ಗಡ್ಡೆಯ ಗುರುತಿರಲಿಲ್ಲ. ಆಮೇಲೆ ಮಟ್ಟಗೋಲಿಟ್ಟು ಪೆಟ್ಟಿಗೆ ಒಂದು ಕಡೆ ವಾಲಿದೆಯೇ ಎಂದು ನೋಡಿದ. ವಾಲಿರಲಿಲ್ಲ. "ಹಾಗಾದ್ರೆ ಪೈಪು" ಎಂದ.

ಏಸಿಯ ನೀರಿನ ಪೈಪಿಗೆ ಪಂಪೂ ಇಲ್ಲ, ಯಂತ್ರವೂ ಇಲ್ಲ. ಇಳಿಜಾರೊಂದೇ ಅದರ ಬಲ. ನಡುವೆ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ನೀರು ನಿಂತು ಗಾಳಿಗೆ ದಾರಿ ಕಟ್ಟುತ್ತದೆ. ತುದಿ ಬಕೆಟ್ಟಿನ ನೀರಿನಲ್ಲೋ ಕೆಸರಿನಲ್ಲೋ ಮುಳುಗಿದ್ದರೂ ಹಾಗೆಯೇ. ಎಲ್ಲ ಸರಿಯಿದ್ದರೂ, ಒಳಗಿನ ಕತ್ತಲೆ ತೇವದಲ್ಲಿ ಧೂಳು ಸೇರಿ ಲೋಳೆ ಬೆಳೆದು ಪೈಪಿನ ಬಾಯಿ ಮುಚ್ಚುತ್ತದೆ. ಹುಡುಗ ಟ್ರೇಗೆ ಒಂದು ಲೋಟ ನೀರು ಹೊಯ್ದ. ಹೊರಗೆ ಒಂದು ಹನಿಯೂ ಬೀಳಲಿಲ್ಲ. ಮನೆಯ ಬದಿಗೆ ಹೋಗಿ, ನಮ್ಮ ಗೋಡೆಗೂ ನೆರೆಮನೆಗೂ ನಡುವಿನ ಸಂದಿಯಲ್ಲಿ, ಪಾಗಾರದ ಮೇಲಕ್ಕೆ ಚಾಚಿಕೊಂಡಿದ್ದ ಪೈಪಿನ ತುದಿ ಹಿಡಿದು ನೋಡಿದ. ಇಕ್ಕಳ ಹಾಕಿ ಎಳೆದ. ಲೋಳೆ ಬರಲಿಲ್ಲ. ಬಂದದ್ದು ಬಿಗಿಯಾಗಿ ಹುರಿ ಮಾಡಿ ತುರುಕಿದ್ದ ಗೇಣುದ್ದದ ಬಟ್ಟೆ. ನೀಲಿ ಬಟ್ಟೆಯ ಮೇಲೆ ಬಿಳಿಯ ಚಿಕ್ಕ ಹೂಗಳು. ಆ ಸೀರೆ ವಾರಕ್ಕೆರಡು ಸಲ ನೆರೆಮನೆಯ ತಂತಿಯ ಮೇಲೆ ಒಣಗುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೆ.

"ಮಿಷಿನ್ ತಪ್ಪೇನಿಲ್ಲ ಸರ್" ಎಂದ ಹುಡುಗ. ಅವನ ತುಟಿಯಂಚಿನಲ್ಲಿ ನಗುವಿತ್ತೋ ಏನೋ, ನಾನು ನೋಡಲಿಲ್ಲ.

ನೆರೆಮನೆಯಲ್ಲಿರುವವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಇಡೀ ಕೇರಿಗೆ ಅವರು ಆಯಿ. ನಮ್ಮ ತಾರಸಿ ಮನೆ ಏಳುವುದಕ್ಕೆ ಮೊದಲಿನಿಂದಲೂ ಅಲ್ಲಿರುವ ಚಿರೆಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆ ಅವರದು. ಅಬ್ಬಲಿಗೆ ಹೂ ಕಟ್ಟಿ ಮಾರುತ್ತಾರೆ. ನಾನು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಹೋದೆ. ಆಯಿ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದರು.

"ಆಯಿ, ನಮ್ಮ ಪೈಪಿಗೆ ಯಾರೋ ಬಟ್ಟೆ ತುರುಕಿದ್ದಾರೆ" ಎಂದೆ. ಯಾರೋ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ.

"ಯಾರೋ ಯಾಕೆ? ನಾನೇ ತುರುಕಿದ್ದು ಮಾಸ್ತರೆ" ಎಂದರು, ಹೂವಿನಿಂದ ಕಣ್ಣೆತ್ತದೆ.

"ಯಾಕೆ ಆಯಿ?"

"ನಿಮ್ಮ ನೀರು ನಿಮ್ಮ ಮನೆಯಲ್ಲೇ ಇರಲಿ ಅಂತ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಯಿ ಎದ್ದು, "ಬನ್ನಿ" ಎಂದು ಒಳಗೆ ಕರೆದುಕೊಂಡು ಹೋದರು. ಸಂದಿಯ ಕಡೆಯ ಕೋಣೆ. ಗೋಡೆಯ ಮೇಲೆ ಸೊಂಟದೆತ್ತರದವರೆಗೆ ಕರಿ ಹಸಿರು ಕಲೆ. ಮುಟ್ಟಿದರೆ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಆ ಗೋಡೆಗೆ ತಾಗಿಯೇ ಅವರ ಮಂಚ. ಹೊರಗೆ ಅದೇ ಗೋಡೆಗೆ ಒರಗಿಸಿ ಕಟ್ಟಿಗೆ ಒಟ್ಟಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿದ್ದರು. ನಮ್ಮ ಪೈಪಿನ ಹನಿ ಬೀಳುತ್ತಿದ್ದುದು ಆ ಹಾಳೆಯ ಮೇಲೆ. "ರಾತ್ರಿಯಿಡೀ ಟಪ್ ಟಪ್. ನಿದ್ದೆ ಇಲ್ಲ ಮಾಸ್ತರೆ" ಎಂದರು. ನನ್ನ ಹೆಂಡತಿ ನಿದ್ದೆ ಮಾಡತೊಡಗಿದ ರಾತ್ರಿಯಿಂದಲೇ ಗೋಡೆಯಾಚೆ ಮತ್ತೊಬ್ಬ ಹೆಂಗಸು ನಿದ್ದೆ ಬಿಟ್ಟಿದ್ದರು.

ಇಷ್ಟೇ ಆಗಿದ್ದರೆ ನನ್ನದು ಅರಿಯದೆ ಆದ ತಪ್ಪು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ನನಗೆ ಅರಿವಿತ್ತು. 2022ರ ಮೇ ತಿಂಗಳಲ್ಲೇ ಆಯಿ ನಮ್ಮ ಬಾಗಿಲಿಗೆ ಬಂದು, "ಮಾಸ್ತರೆ, ನಿಮ್ಮ ಮಿಷಿನ್ ನೀರು ನಮ್ಮ ಗೋಡೆಗೆ ಬೀಳ್ತದೆ" ಎಂದಿದ್ದರು. ಆಗ ನಾನು ಮಾಡಿದ್ದೇನು? ಪಾಠ. ಆ ದಿನ ಮೇಜಿನ ಮೇಲೆ ಕೋಕಂ ಪಾನಕದ ತಣ್ಣನೆಯ ಗ್ಲಾಸು ಇತ್ತು. ಅದರ ಹೊರಮೈ ಬೆವರಿದ್ದನ್ನು ತೋರಿಸಿ, "ನೋಡಿ ಆಯಿ, ಗಾಳಿಯಲ್ಲಿ ಆವಿಯ ರೂಪದಲ್ಲಿ ನೀರಿರುತ್ತದೆ. ತಣ್ಣಗಿನ ವಸ್ತು ತಾಗಿದರೆ ಅದು ಹನಿಯಾಗುತ್ತದೆ. ಏಸಿಯಲ್ಲಿ ಆಗುವುದೂ ಅದೇ. ಅದು ಗಟಾರದ ನೀರಲ್ಲ, ಬರೀ ಗಾಳಿಯ ನೀರು, ಮಳೆ ನೀರಿನಷ್ಟೇ ಶುದ್ಧ" ಎಂದಿದ್ದೆ. ಆಯಿ "ಹೌದಾ ಮಾಸ್ತರೆ" ಎಂದು ಹೋಗಿದ್ದರು. ಒಳ್ಳೆಯ ಪಾಠ ಮಾಡಿದೆನೆಂಬ ತೃಪ್ತಿಯಲ್ಲಿ ನಾನು ಪಾನಕ ಕುಡಿದಿದ್ದೆ. ಅವರು ಕೇಳಿದ್ದು ನೀರು ಎಲ್ಲಿಂದ ಬರುತ್ತದೆ ಎಂದಲ್ಲ. ಎಲ್ಲಿಗೆ ಬೀಳುತ್ತದೆ ಎಂದು ಹೇಳಲು ಬಂದಿದ್ದರು. ನಾನು ಕೇಳದ ಪ್ರಶ್ನೆಗೆ ಸರಿಯುತ್ತರ ಕೊಟ್ಟು, ಹೇಳಿದ ಮಾತನ್ನು ಕೇಳಿಸಿಕೊಳ್ಳದೆ ಕಳಿಸಿದ್ದೆ.

ಆ ಸಂಜೆ ನನಗೆ ಅಂಕೋಲೆಯ ನಮ್ಮ ಹಳೆಯ ಮನೆ ನೆನಪಾಯಿತು. ಅದೂ ಹಂಚಿನ ಮನೆಯೇ. ಪಕ್ಕದ ಮನೆಯ ಮಾಡು ನಮ್ಮ ಮಾಡಿಗೆ ಹತ್ತಿರದಲ್ಲೇ ಇಳಿಯುತ್ತಿತ್ತು. ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಪ್ಪ ಮತ್ತು ಪಕ್ಕದ ಮನೆಯ ಯಜಮಾನರು ಇಬ್ಬರೂ ಸೇರಿ ನಡುವಿನ ಗಟಾರದ ಎಲೆಕಸ ತೆಗೆಯುತ್ತಿದ್ದರು. ಗಾಳಿಮಳೆ ಬಡಿಯುವ ಕಡೆಯ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಎರಡು ಮಾಡುಗಳು ಸೇರುವಲ್ಲಿ ಅಡಕೆ ಮರದ ದೋಣಿ ಇಟ್ಟು ನೀರನ್ನು ಹಿತ್ತಲಿಗೆ ತಿರುಗಿಸುತ್ತಿದ್ದರು. ಒಂದು ವರ್ಷ ನಾನು, "ಮಳೆ ನೀರು ತಾನೆ ಅಪ್ಪಾ, ಎಲ್ಲಿ ಬಿದ್ದರೇನು?" ಎಂದು ಕೇಳಿದ್ದೆ. ಅಪ್ಪ ಹೆಚ್ಚು ಓದಿದವರಲ್ಲ. ಏಣಿಯ ಮೇಲಿಂದಲೇ, "ಮಳೆ ದೇವರದು, ಸೂರು ನಮ್ಮದು" ಎಂದರು.

ಆಗ ಅದು ಬರಿಯ ಮಾತಾಗಿ ಕಂಡಿತ್ತು. ಈಗ ಯೋಚಿಸಿದರೆ ಅದರಲ್ಲಿ ಒಂದು ಇಡೀ ಶಾಸ್ತ್ರವೇ ಇದೆ. ಆಕಾಶದಿಂದ ಸುರಿಯುವ ಮಳೆ ಎಲ್ಲರ ಅಂಗಳದಲ್ಲೂ ಹರಡಿ ಬೀಳುತ್ತದೆ. ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ನಾನು ಮಾಡು ಕಟ್ಟಿ, ನನ್ನ ತಲೆ ಒಣಗಿರಲೆಂದು ಆ ಮಳೆಯನ್ನು ಕೂಡಿಸಿ ಒಂದು ಅಂಚಿಗೆ ತಂದೆನೆಂದರೆ, ಆ ಅಂಚಿನಿಂದ ಬೀಳುವ ಧಾರೆ ದೇವರದಲ್ಲ, ನನ್ನದು. ನನ್ನ ಒಣಗಿದ ತಲೆಯ ಬೆಲೆ ಆ ಧಾರೆಯಲ್ಲಿದೆ.

ಕಾರವಾರದ ಕೋರ್ಟಿನಲ್ಲಿ ಬಹುಕಾಲ ವಕೀಲಿಕೆ ಮಾಡಿದ ಗೆಳೆಯರೊಬ್ಬರ ಮುಂದೆ ಈ ಮಾತು ತೆಗೆದೆ. ಅವರು ನಕ್ಕು, ಇದು ಬಹಳ ಹಳೆಯ ಜಗಳ ಎಂದರು. ಪ್ರಾಚೀನ ರೋಮಿನ ಕಾನೂನಿನಲ್ಲಿಯೇ ಸೂರಿನ ಹನಿಗೆ ಸ್ಟಿಲ್ಲಿಸಿಡಿಯಮ್ ಎಂಬ ಹೆಸರಿತ್ತು. ನಿಮ್ಮ ಸೂರಿನ ನೀರು ನೆರೆಯವನ ನೆಲದಲ್ಲಿ ಬೀಳಬೇಕಾದರೆ ನಿಮಗೆ ಅದರ ಹಕ್ಕು ಇರಬೇಕಿತ್ತು. ಕದ್ದು ಕೇಳುವುದಕ್ಕೆ ಇಂಗ್ಲಿಷರು ಈವ್ಸ್‌ಡ್ರಾಪಿಂಗ್ ಎನ್ನುವುದೂ ಇಲ್ಲಿಂದಲೇ. ಸೂರಿನ ಹನಿ ಬೀಳುವ ಜಾಗದಲ್ಲಿ ನಿಂತವನಿಗೆ ಒಳಗಿನ ಮಾತು ಕೇಳಿಸುತ್ತದೆ. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ, ಮೇಲಿನ ಜಮೀನಿನಲ್ಲಿ ಸಹಜವಾಗಿ ಹುಟ್ಟುವ ಅಥವಾ ಬೀಳುವ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವನು ಅದಕ್ಕೆ ಎಡೆಗೊಡಬೇಕು ಎಂದಿದೆ. ಸಹಜವಾಗಿ ಎಂಬ ಶಬ್ದ ಅಲ್ಲಿ ಎರಡು ಸಲ ಕಾವಲು ನಿಂತಿದೆ. ಹಾಗಲ್ಲದ ನೀರಿಗೆ ಹಕ್ಕು ಬೇಕಾದರೆ, ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ತಡೆಯಿಲ್ಲದೆ ಅನುಭವಿಸಿಕೊಂಡು ಬಂದಿರಬೇಕು. "ಅಂದರೆ ಮಾಸ್ತರೆ, ಆ ಅಜ್ಜಿ ಇಪ್ಪತ್ತು ವರ್ಷ ಸುಮ್ಮನಿದ್ದರೆ ನೀವೇ ಹಕ್ಕು ಕೇಳಬಹುದಿತ್ತು. ಚಿಂದಿ ತುರುಕಿ ಒಳ್ಳೆಯದನ್ನೇ ಮಾಡಿದರು" ಎಂದು ಗೆಳೆಯರು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಬಡವರ ಮೌನ ಬಲವುಳ್ಳವರ ಹಕ್ಕಾಗುವುದು ಹೀಗೆಯೇ ಅಲ್ಲವೇ ಎನ್ನಿಸಿತು.

ಆದರೂ ಮನಸ್ಸು ಸುಲಭವಾಗಿ ಸೋಲೊಪ್ಪುವುದಿಲ್ಲ. ನನ್ನ ಪರವಾಗಿ ನಾನೇ ವಾದ ಹೂಡಿದೆ. ಮೊದಲ ವಾದ: ನೀರು ಶುದ್ಧವಾಗಿತ್ತು. ಇದು ಪೂರ್ತಿ ನಿಜವೂ ಅಲ್ಲ. ಟ್ರೇಯ ಧೂಳು, ಲೋಳೆ, ಸೂಕ್ಷ್ಮಜೀವಿಗಳನ್ನು ತೊಳೆದುಕೊಂಡು ಬರುವ ಆ ನೀರು ಗಿಡಕ್ಕೆ ಆಗುತ್ತದೆ, ಕುಡಿಯಲು ಆಗುವುದಿಲ್ಲ. ಅದಿರಲಿ, ಗಂಗೋದಕವೇ ಆದರೂ ಮಲಗುವ ಗೋಡೆಗೆ ದಿನವೂ ಸುರಿದರೆ ಗೋಡೆ ಕರಗುತ್ತದೆ. ನೀರು ಶುದ್ಧವೋ ಅಲ್ಲವೋ ಎಂದು ಹೇಳಲು ವಿಜ್ಞಾನ ಓದಿದ ನಾನು ಸಾಕು. ಉಪದ್ರವವೋ ಅಲ್ಲವೋ ಎಂದು ಹೇಳಬೇಕಾದವರು ಅದರ ಕೆಳಗೆ ಇರುವವರು.

ಎರಡನೆಯ ವಾದ: ಅದು ಎಷ್ಟು ಮಹಾ ನೀರು, ಹನಿ ಹನಿ ತಾನೆ? ಇದನ್ನು ಅಳೆದೇ ನೋಡೋಣವೆಂದು ಒಂದು ರಾತ್ರಿ ಪೈಪಿನ ಕೆಳಗೆ ಬಕೆಟ್ ಇಟ್ಟೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಏಳು ಲೀಟರು. ವರ್ಷಕ್ಕೆ ನೂರು ರಾತ್ರಿ ಏಸಿ ಹಾಕಿದೆವೆಂದರೆ ಏಳುನೂರು ಲೀಟರು. ಎರಡೂವರೆ ಬೇಸಿಗೆಗೆ ಸಾವಿರದ ಏಳುನೂರೈವತ್ತು ಲೀಟರು ಆಯಿಯ ಗೋಡೆಯ ಬುಡಕ್ಕೆ ಹೋಗಿದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವಾಗ ಇದೇನು ಎನ್ನಬಹುದು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ನಾಲ್ಕು ತಿಂಗಳು ನೆನೆದ ಚಿರೆಕಲ್ಲಿನ ಗೋಡೆ ಉಳಿದ ತಿಂಗಳುಗಳಲ್ಲಿ ಒಣಗಿ, ಮತ್ತೊಂದು ಮಳೆಗಾಲಕ್ಕೆ ಬಲ ತಂದುಕೊಳ್ಳುತ್ತದೆ. ನಾನು ಏಸಿ ಹಾಕುತ್ತಿದ್ದುದು ಸರಿಯಾಗಿ ಆ ಒಣಗುವ ತಿಂಗಳುಗಳಲ್ಲಿ. ಆಯಿಯ ಗೋಡೆಗೆ ನಾನು ಬೇಸಿಗೆಯಲ್ಲೂ ಮಳೆಗಾಲ ತಂದಿದ್ದೆ. ಹನಿ ಚಿಕ್ಕದೇ. ಬಿಡುವಿಲ್ಲದ್ದು ಯಾವುದೂ ಚಿಕ್ಕದಲ್ಲ.

ಮೂರನೆಯ ವಾದ: ನೀರು ನಾನು ಸೃಷ್ಟಿಸಿದ್ದಲ್ಲ, ಅದು ಕಾರವಾರದ ಗಾಳಿಯಲ್ಲಿದ್ದದ್ದು. ಇದಕ್ಕೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಮೂವತ್ತು ಡಿಗ್ರಿ ಸೆಕೆ, ನೂರಕ್ಕೆ ಎಂಬತ್ತು ತೇವಾಂಶ ಇರುವ ರಾತ್ರಿ, ಹತ್ತು ಅಡಿಗೆ ಹನ್ನೆರಡು ಅಡಿಯ ನಮ್ಮ ಕೋಣೆಯ ಗಾಳಿಯಲ್ಲಿ ಮುಕ್ಕಾಲು ಲೀಟರಿಗೂ ಮಿಕ್ಕಿ ನೀರು ಕಾಣದಂತೆ ತೇಲುತ್ತಿರುತ್ತದೆ. ಏಸಿ ಅದರಲ್ಲಿ ಸುಮಾರು ಅರ್ಧದಷ್ಟನ್ನು ಹಿಂಡುತ್ತದೆ. ಹೆಚ್ಚಿನ ಉಳಿದ ನೀರು ಬಾಗಿಲು ಕಿಟಕಿಗಳ ಸಂದಿನಿಂದ ನುಸುಳುವ ಕಡಲ ಗಾಳಿಯದು. ಇನ್ನೊಂದು ಪಾಲು ಮಾತ್ರ ನಾನು ಎಣಿಸಿರದಿದ್ದದ್ದು. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ನಲವತ್ತು ಗ್ರಾಮಿನಷ್ಟು ನೀರು ಹೊರಬೀಳುತ್ತದೆ. ಇಬ್ಬರದು ಎಂಟು ಗಂಟೆಗೆ ಅರ್ಧ ಲೀಟರು ದಾಟಿತು. ಅಂದರೆ ಆಯಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳುತ್ತಿದ್ದ ಹನಿಗಳಲ್ಲಿ ನಮ್ಮಿಬ್ಬರ ಉಸಿರೂ ಇತ್ತು. ಇದಕ್ಕಿಂತ ಹೆಚ್ಚಾಗಿ ಒಂದು ವಸ್ತು ನನ್ನದಾಗುವುದು ಹೇಗೆ?

ಕೊನೆಯ ವಾದ ಗಟ್ಟಿಯಾದದ್ದು: ನಮಗೆ ಅಗತ್ಯವಿತ್ತು. ನನ್ನ ಹೆಂಡತಿಯ ಉಬ್ಬಸ ಶೋಕಿಯಲ್ಲ. ಇದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಅಗತ್ಯ ಇದ್ದದ್ದು ತಂಪಿಗೆ. ಪೈಪನ್ನು ಆಯಿಯ ಗೋಡೆಗೆ ಬಿಡುವ ಅಗತ್ಯ ಯಾರಿಗೂ ಇರಲಿಲ್ಲ. ಜೋಡಿಸಲು ಬಂದವರು ಹತ್ತಿರದ ದಾರಿ ಹಿಡಿದರು, ನಾನು ನೋಡಿಯೂ ನೋಡದಂತಿದ್ದೆ. ಮೆಕ್ಯಾನಿಕ್ ಹುಡುಗನನ್ನು ಕೇಳಿದರೆ, ಪೈಪನ್ನು ನಮ್ಮ ಗೋಡೆಗುಂಟ ತಿರುಗಿಸಿ ನಮ್ಮ ಹಿತ್ತಲಿಗೆ ಬಿಡಲು ಮುನ್ನೂರು ರೂಪಾಯಿ ಸಾಕು ಎಂದ. ದೊಡ್ಡ ಅಗತ್ಯವೊಂದರ ನೆರಳಿನಲ್ಲಿ ಇಂಥ ಎಷ್ಟು ಸಣ್ಣ ಸೋಮಾರಿತನಗಳು ಅಡಗಿ ಕುಳಿತಿರುತ್ತವೆ!

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಜಿಲ್ಲೆ ಬೇರೆಯವರ ಸೂರಿನ ಕೆಳಗಿದೆ ಎಂದು ಸಭೆಗಳಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬ. ಕಾಳಿ ನದಿಗೆ ಸೂಪಾದಲ್ಲಿ, ಕದ್ರಾದಲ್ಲಿ ಅಣೆಕಟ್ಟು. ಕೈಗಾದಲ್ಲಿ 2000ದಿಂದ ಅಣುವಿದ್ಯುತ್ತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡುವ ಮೊದಲು ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಊರುಗಳ ಜನ ಮನೆಮಠ ಬಿಟ್ಟು ಎದ್ದರು. ದೀಪ ಎಲ್ಲೋ ಉರಿಯುತ್ತದೆ, ಹನಿ ನಮ್ಮ ಮೇಲೆ ಬೀಳುತ್ತದೆ ಎಂದು ನಾನು ಆವೇಶದಿಂದ ಹೇಳಿದ್ದುಂಟು. ಅದರಲ್ಲಿ ಸುಳ್ಳಿಲ್ಲ. ಆದರೆ ಹಾಗೆ ಹೇಳಿ ಮನೆಗೆ ಬಂದು, ಏಸಿ ಹಾಕಿ, ಆಯಿಯ ಗೋಡೆಯ ಮೇಲೆ ಹನಿ ಬಿಟ್ಟು ಮಲಗುತ್ತಿದ್ದವನೂ ನಾನೇ. ಒಂದು ಸೂರಿನ ಕೆಳಗೆ ನಿಂತವನು ಇನ್ನೊಂದು ಸೂರಿನ ಯಜಮಾನನಾಗಿರಲು ಏನೂ ಅಡ್ಡಿಯಿಲ್ಲ. ಕೆಳಗೆ ನಿಂತದ್ದು ನೆನಪಿರುತ್ತದೆ, ಮೇಲಿದ್ದದ್ದು ಮರೆಯುತ್ತದೆ.

ಆ ವರ್ಷ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹದಂಗಡಿ, ಅಲ್ಲಿದ್ದ ಜನ, ನಿಂತ ವಾಹನಗಳು ಮಣ್ಣಿನ ಪಾಲಾದವು. ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಆ ದುಃಖವನ್ನು ನನ್ನ ಪೈಪಿನ ಹನಿಯ ಪಕ್ಕದಲ್ಲಿಡಲು ನಾಚಿಕೆಯಾಗುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಗುಡ್ಡ ಕಡಿದು ಅಗಲ ಮಾಡಿದ ಆ ರಸ್ತೆಯಲ್ಲಿ ಅಂಕೋಲೆಗೂ ಕುಮಟೆಗೂ ಎಷ್ಟೋ ಸಲ ಸುಖವಾಗಿ ಓಡಾಡಿದವನು ನಾನು. ಕಡಿದ ಗುಡ್ಡದ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕಿಟಕಿಯಿಂದ ತಲೆಯೆತ್ತಿ ನೋಡಿರಲಿಲ್ಲ. ಮಳೆ ದೇವರದು. ಗುಡ್ಡದ ಆ ಅಂಚನ್ನು ಮಾಡಿದವರು ನಾವು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದ ಕವಿ ಬಂದು ಇಲ್ಲಿದ್ದರು. ಇಲ್ಲಿಯೇ ಬರೆದ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ 1884ರಲ್ಲಿ ಪ್ರಕಟವಾಯಿತು. ಅದರಲ್ಲೊಬ್ಬ ಸಂನ್ಯಾಸಿ. ಲೋಕದ ನಂಟನ್ನೆಲ್ಲ ಕಡಿದು ಪ್ರಕೃತಿಯನ್ನು ಗೆದ್ದೆನೆಂದು ಗುಹೆಯಲ್ಲಿ ಕುಳಿತವನು. ಅನಾಥ ಹುಡುಗಿಯೊಬ್ಬಳ ಪ್ರೀತಿ ಅವನನ್ನು ಹೊರಗೆಳೆಯುತ್ತದೆ. ಅವನು ಅವಳನ್ನು ತೊರೆದು ಓಡಿ, ಕೊನೆಗೆ ಮನಸ್ಸು ಕರಗಿ ಮರಳುವಷ್ಟರಲ್ಲಿ ತಡವಾಗಿರುತ್ತದೆ. ಕಿಟಕಿ ಬಾಗಿಲು ಬಿಗಿದು ಹವೆಯನ್ನು ಗೆದ್ದು ಮಲಗುವ ನಮ್ಮ ಕೋಣೆಗಳೂ ಅಂಥ ಗುಹೆಗಳೇ. ಗುಹೆಗೂ ಒಂದು ಪೈಪು ಇರುತ್ತದೆ, ಅದರ ತುದಿ ಯಾರದೋ ಅಂಗಳದಲ್ಲಿರುತ್ತದೆ.

ನನಗೆ ಅಷ್ಟು ತಡವಾಗಲಿಲ್ಲ. ಹುಡುಗ ಆ ದಿನವೇ ಪೈಪು ತಿರುಗಿಸಿದ. ಉದ್ದಕ್ಕೂ ಇಳಿಜಾರು ಕೊಟ್ಟು, ಎಲ್ಲೂ ಜೋತುಬೀಳದಂತೆ ಕ್ಲಿಪ್ಪು ಹೊಡೆದು, ನಮ್ಮ ಹಿತ್ತಲ ಬಾಳೆಯ ಬುಡಕ್ಕೆ ಬಿಟ್ಟ. ತುದಿ ಮಾತ್ರ ನೆಲದಿಂದ ಒಂದು ಗೇಣು ಮೇಲಿರಲಿ, ಮಣ್ಣಿಗೆ ತಾಗಿಸಬೇಡಿ ಎಂದು ಎಚ್ಚರಿಸಿದ. ಸಂಜೆ ನಾನು ಆಯಿಯ ಮನೆಗೆ ಹೋಗಿ, ತಪ್ಪಾಯಿತು, ಗೋಡೆ ಸರಿಮಾಡಿಸಿಕೊಡುತ್ತೇನೆ ಎಂದೆ. ಆಯಿ ಆಕಾಶ ನೋಡಿದರು. "ಈಗ ಮಾಡಿ ಏನು ಉಪಯೋಗ? ಮಳೆ ಬಂತು. ಹಸಿ ಗೋಡೆಗೆ ಗಾರೆ ನಿಲ್ಲೂದಿಲ್ಲ. ಮೊದಲು ಒಣಗಲಿ. ಮುಂದಿನ ಮಾರ್ಚಿಗೆ ನೋಡುವಾ" ಎಂದರು. ತಪ್ಪು ಒಪ್ಪಿಕೊಂಡ ಕೂಡಲೇ ಸಾಲ ತೀರಬೇಕೆಂದು ನಮಗೆ ಅವಸರ. ಗೋಡೆ ತನ್ನ ಹೊತ್ತಿನಲ್ಲೇ ಒಣಗುತ್ತದೆ. ಹತ್ತು ತಿಂಗಳು ನಾನು ಸಾಲಗಾರನಾಗಿ ಅದೇ ಸಂದಿಯಲ್ಲಿ ಓಡಾಡಿದೆ. 2025ರ ಮಾರ್ಚಿನಲ್ಲಿ ಗಾರೆಯಾಯಿತು. ಹೊಸ ಗಾರೆಯ ತೇಪೆ ಹಳೆಯ ಗೋಡೆಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಆಯಿ ಅದರ ಮಾತೆತ್ತುವುದಿಲ್ಲ. ಹಬ್ಬದ ದಿನ ನನ್ನ ಹೆಂಡತಿಗೆ ಅಬ್ಬಲಿಗೆ ದಂಡೆ ಕಳಿಸುತ್ತಾರೆ.

ಎಲ್ಲ ಸರಿಹೋಯಿತೆಂದು ಹೇಳಿ ಮುಗಿಸುವ ಧೈರ್ಯ ನನಗಿಲ್ಲ. ಏಸಿಯ ಹೊರಪೆಟ್ಟಿಗೆ ಈಗಲೂ ಅದೇ ಬದಿಯಲ್ಲಿದೆ. ಒಳಗಿನ ಬಿಸಿಯನ್ನೂ ತಾನು ತಿಂದ ವಿದ್ಯುತ್ತಿನ ಬಿಸಿಯನ್ನೂ ಸೇರಿಸಿ ಅದು ಹೊರಗೆ ಊದುತ್ತದೆ. ನೀರಿಗಾದರೆ ಪೈಪು ಹಾಕಿ ಹಿತ್ತಲಿಗೆ ತಂದೆ. ಬಿಸಿಗೆ ಯಾವ ಪೈಪು ಹಾಕಲಿ? ಅದು ಗೋಡೆಯ ಮೇಲೆ ಕಲೆ ಬೀಳಿಸುವುದಿಲ್ಲ, ಅದರ ಬಾಯಿಗೆ ಚಿಂದಿ ತುರುಕಲೂ ಬರುವುದಿಲ್ಲ. ಇಪ್ಪತ್ತಮೂರಕ್ಕೆ ಇಡುತ್ತಿದ್ದುದನ್ನು ಇಪ್ಪತ್ತೇಳಕ್ಕೆ ಏರಿಸಿದ್ದೇವೆ, ಮಳೆಯ ತಂಪು ಬಂದ ಮೇಲೆ ಹಾಕುವುದಿಲ್ಲ. ಅದು ಉತ್ತರವಲ್ಲ, ಪ್ರಶ್ನೆಯನ್ನು ಸ್ವಲ್ಪ ಸಣ್ಣದು ಮಾಡಿಕೊಂಡಂತೆ, ಅಷ್ಟೆ.

ಹುಡುಗ ಹೇಳಿದಂತೆ ಪೈಪಿನ ತುದಿಯನ್ನು ನೆಲದಿಂದ ಗೇಣು ಮೇಲೇ ಇಟ್ಟಿದ್ದೇನೆ. ಕೆಳಗೆ ಉದುರಿದ ಬಾಳೆಯ ಒಣ ಎಲೆ. ನಾನು ಮಲಗುವ ಕಿಟಕಿಯ ಪಕ್ಕದಲ್ಲೇ ಅದು. ಬೇಸಿಗೆಯ ರಾತ್ರಿಗಳಲ್ಲಿ ಹೆಂಡತಿ ನಿದ್ದೆ ಹೋದ ಮೇಲೆ ಟಪ್, ಟಪ್ ಎಂದು ಕೇಳಿಸುತ್ತದೆ. ಎಲೆ ತೆಗೆದುಬಿಟ್ಟರೆ ಸದ್ದು ನಿಲ್ಲುತ್ತದೆ ಎಂದು ಗೊತ್ತಿದೆ. ಇನ್ನೂ ತೆಗೆದಿಲ್ಲ.